ಅಮ್ಮನ್ನ ಕರ್ಕೊಂಡು ನಾಲ್ಕು ದಿನ ಕಾಸರಗೋಡು ಕಡೆ, ಉಳ್ಕೊಳ್ಳೋಕೆ ಬೇಕಲ ಒಳ್ಳೇದಾ ಕುಂಬ್ಳೆ ಒಳ್ಳೇದಾ?

ನೀರ್ಚಾಲಿನ_ಮೊಮ್ಮಗಳು:

ಎಲ್ರಿಗೂ ನಮಸ್ಕಾರ, ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ. ನಾವಿರೋದು ಮೈಸೂರಲ್ಲಿ. ಅಮ್ಮನ ತವರು ನೀರ್ಚಾಲು, ಓದಿದ್ದೂ ಅಲ್ಲೇ ಮಹಾಜನ ಶಾಲೆಲಿ, ಆದ್ರೆ ಅಜ್ಜನ ಮನೆ ತೋಟ ಎಲ್ಲ ಮಾರಿ ಇಪ್ಪತ್ತು ವರ್ಷದ ಮೇಲಾಯ್ತು, ಈಗ ಆ ಕಡೆ ಹೋದ್ರೆ ಉಳ್ಕೊಳ್ಳೋಕೆ ನಮ್ದು ಅಂತ ಒಂದು ಮನೆ ಇಲ್ಲ. ಅಮ್ಮಂಗೆ ಈಗ 74, ಮಂಡಿ ನೋವು, ಮೆಟ್ಟಿಲು ಅಂದ್ರೆ ಕಷ್ಟ. ಮೊನ್ನೆ ಊಟ ಮಾಡ್ತಾ ಇದ್ದಕ್ಕಿದ್ದ ಹಾಗೆ "ಒಂದ್ಸಲ ನಮ್ಮೂರ ಕಡೆ ಸಮುದ್ರ ನೋಡ್ಬೇಕಿತ್ತು" ಅಂದ್ರು. ಏಳನೇ ಕ್ಲಾಸಲ್ಲಿ ಶಾಲೆಯಿಂದ ಬೇಕಲ ಕೋಟೆಗೆ ಕರ್ಕೊಂಡು ಹೋಗಿದ್ರಂತೆ, ಬಾಳೆ ಎಲೇಲಿ ಕಟ್ಟಿದ್ದ ಅವಲಕ್ಕಿ ಕೋಟೆ ಗೋಡೆ ಮೇಲೆ ಕೂತು ತಿಂದಿದ್ದು ಇನ್ನೂ ನೆನಪಿದೆ ಅವರಿಗೆ.

ನನ್ನ ತಮ್ಮ ಆಗ್ಲೇ ಒಂದು ಎಕ್ಸೆಲ್ ಶೀಟ್ ಮಾಡಿಟ್ಟಿದಾನೆ, ನಾಲ್ಕು ದಿನಕ್ಕೆ ಹದಿನೇಳು ಜಾಗ, ಕೊಲ್ಲೂರು ಧರ್ಮಸ್ಥಳ ಎಲ್ಲ ಅದ್ರಲ್ಲೇ ಬಂದಿದೆ. ನಂಗೆ ಅದು ಬೇಡ. ಹೋದ ವರ್ಷ ಒಂದು ಟೂರ್‌ನವರ ಜೊತೆ ಹೀಗೇ ಹೋಗಿ ಅಮ್ಮ ಅರ್ಧಕ್ಕರ್ಧ ಜಾಗದಲ್ಲಿ ಕಾರಿಂದ ಇಳೀಲೇ ಇಲ್ಲ, ಕಿಟಕಿಲೇ ನೋಡ್ಕೊಂಡು ಬಂದ್ರು, ಅದು ನೆನಪಾದ್ರೆ ಈಗ್ಲೂ ಸಂಕಟ ಆಗತ್ತೆ. ಈ ಸಲ ಒಂದು ಕಡೆ ಬ್ಯಾಗ್ ಇಟ್ರೆ ವಾಪಸ್ ಹೊರಡೋವರೆಗೂ ಅದನ್ನ ಎತ್ತಬಾರ್ದು ಅಂತ ನನ್ನಾಸೆ. ಜನವರಿಲಿ ಹೋಗೋಣ ಅಂತಿದೀವಿ, ಸಸ್ಯಾಹಾರಿಗಳು. ಬೇಕಲದ ರೆಸಾರ್ಟಾ, ಇಲ್ಲಾ ಕುಂಬ್ಳೆ ಕಡೆ ಹೋಮ್‌ಸ್ಟೇನಾ? ಕಾರ್ ತಗೊಂಡು ಬರೋದಾ ರೈಲಾ? ಅಲ್ಲಿ ಈಗ ಕನ್ನಡ ನಡ್ಯತ್ತಾ? ಗೊತ್ತಿದ್ದವರು ಹೇಳಿ.

ಕುಂಬ್ಳೆ_ಸ್ಟೇಷನ್_ರೋಡ್:

ಅಕ್ಕ, ನೀರ್ಚಾಲಿನವರಿಗೆ ಕುಂಬ್ಳೆ ಬಿಟ್ಟು ಬೇರೆ ಎಲ್ಲಿಗೆ ಹೋಗಿ ಅಂತ ಹೇಳುವುದು. ಒಂದು ವಿಷಯ ಅಮ್ಮನ ಹತ್ರ ಕೇಳಿ ನೋಡಿ, ಸಣ್ಣದಿರುವಾಗ ರೈಲು ಹತ್ತಿದ್ದು ಎಲ್ಲಿಂದ ಅಂತ. ಬದಿಯಡ್ಕ ನೀರ್ಚಾಲು ಸೀತಾಂಗೋಳಿ ಬದಿಯವರಿಗೆ ರೈಲು ಅಂದ್ರೆ ಕುಂಬ್ಳೆ ಸ್ಟೇಷನ್ನೇ. ಆದ ಕಾರಣ ನೀವು ಕುಂಬ್ಳೆಯಲ್ಲಿ ಉಳಿದ್ರೆ ಅಮ್ಮನ ಹಳೇ ಬಸ್ಸಿನ ದಾರಿ ಉಂಟಲ್ಲ, ಕುಂಬ್ಳೆ–ಬದಿಯಡ್ಕ ರೋಡು, ಅದೇ ನಿಮ್ಮ ಟೂರ್ ಆಗ್ತದೆ. ನಾಯ್ಕಾಪು ದಾಟಿದ್ರೆ ಅನಂತಪುರ, ಅದೇ ಬದಿಯಲ್ಲಿ ಮುಜುಂಗಾವು, ಮತ್ತೆ ಸೀತಾಂಗೋಳಿ, ಅಲ್ಲಿಂದ ನೀರ್ಚಾಲು ಎಷ್ಟು ದೂರ. ಶಾಲೆಯ ಗೇಟಿನ ಎದುರು ಕಾರು ನಿಲ್ಸಿ ಒಂದರ್ಧ ಗಂಟೆ ಸುಮ್ಮನೆ ನಿಲ್ಲಿ, ಅಮ್ಮನೇ ಮಾತಾಡ್ಲಿಕ್ಕೆ ಶುರು ಮಾಡ್ತಾರೆ.

ಅನಂತಪುರದ ಬಗ್ಗೆ ಸ್ವಲ್ಪ ಹೇಳ್ಬೇಕು. ಸುತ್ತ ಎಲ್ಲ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಬೋಳು ಪದವು, ಅಂದ್ರೆ ಎತ್ತರದ ಬಯಲು, ಜನವರಿಯಲ್ಲಿ ಹುಲ್ಲು ಕೂಡ ಒಣಗಿ ಕೆಂಪಾಗಿರ್ತದೆ, ಹಾಗಿರುವಾಗ ಅದರ ನಡು ಒಂದು ತಗ್ಗಿನಲ್ಲಿ ಹಸುರು ನೀರಿನ ಕೆರೆ, ಕೆರೆಯ ಮಧ್ಯೆ ಗರ್ಭಗುಡಿ, ದಾಟ್ಲಿಕ್ಕೆ ಒಂದು ಸಣ್ಣ ಸೇತುವೆ. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಇದು ಅಂತ ನಂಬಿಕೆ. ಮೂಲದ ಮೂರ್ತಿ ಕಲ್ಲಿನದ್ದೂ ಅಲ್ಲ ಲೋಹದ್ದೂ ಅಲ್ಲ, ಕಡುಶರ್ಕರ ಪಾಕದ್ದು, ಅಂದ್ರೆ ತುಂಬ ತರದ ಔಷಧಿ ವಸ್ತು ಸೇರಿಸಿ ಮಾಡಿದ್ದಾಗಿತ್ತು. ಬಬಿಯ ಮೊಸಳೆಯ ಕತೆ ಅಮ್ಮನಿಗೆ ಖಂಡಿತ ಗೊತ್ತಿರ್ತದೆ, ದೇವಸ್ಥಾನದ ನೈವೇದ್ಯದ ಅನ್ನ ತಿಂದು ಬೆಳೆದದ್ದು, 2022ರ ಅಕ್ಟೋಬರಿನಲ್ಲಿ ತೀರಿಹೋಯ್ತು. ಆ ದಿವಸ ನಾನೂ ಹೋಗಿದ್ದೆ, ಗಾಜಿನ ಪೆಟ್ಟಿಗೆಯಲ್ಲಿ ಮಲಗಿಸಿದ್ರು, ಸಣ್ಣ ಮಕ್ಕಳನ್ನು ಎತ್ತಿಕೊಂಡು ಬಂದವರು, ಊರುಗೋಲು ಹಿಡಿದು ಬಂದ ಅಜ್ಜಂದಿರು, ಮನೆಯವರು ಹೋದ ಹಾಗೆ ಎಲ್ಲರ ಕಣ್ಣಲ್ಲೂ ನೀರು. ಮರುವರ್ಷ ನವೆಂಬರಿನಲ್ಲಿ ಇನ್ನೊಂದು ಮೊಸಳೆ ಕಾಣಿಸಿಕೊಂಡಿತು, ಎಲ್ಲಿಂದ ಬಂತು ಯಾರೂ ನೋಡಿದವರಿಲ್ಲ. ಕೆರೆ ಹತ್ರ ಹೋಗ್ಲಿಕ್ಕೆ ಮೆಟ್ಟಿಲು ಇಳಿಯಲಿಕ್ಕುಂಟು, ಆದ್ರೆ ನಿಧಾನ ಕೈ ಹಿಡ್ಕೊಂಡು ಇಳಿಸಬಹುದು, ಬೆಳಿಗ್ಗೆ ಬೇಗ ಹೋದ್ರೆ ಜನ ಕಡಿಮೆ.

ಊರಿನ ಒಳಗೆ ಕಣಿಪುರ ಗೋಪಾಲಕೃಷ್ಣ ದೇವಸ್ಥಾನ ಉಂಟು. ಯಕ್ಷಗಾನ ಪ್ರಸಂಗ ಬರೆದ ಕವಿ ಪಾರ್ತಿಸುಬ್ಬ ತನ್ನ ಪದದಲ್ಲೆಲ್ಲ ಕಣ್ವಪುರದ ಕೃಷ್ಣ ಅಂತ ಕರೆದದ್ದು ಈ ದೇವರನ್ನೇ. ಅಡೂರು, ಮಧೂರು, ಕಣಿಪುರ, ಮುಜುಂಗಾವು, ಕುಂಬ್ಳೆ ಸೀಮೆಗೆ ಈ ನಾಲ್ಕು ದೇವಸ್ಥಾನ. ನಾಲ್ಕನ್ನೂ ಈ ಸಲವೇ ಮುಗಿಸ್ಬೇಕು ಅಂತ ಹೊರಡ್ಬೇಡಿ ಮಾತ್ರ, ಅಡೂರು ತುಂಬ ಒಳಗೆ. ಇನ್ನೊಂದು ಮುಖ್ಯ, ಮಕರ ಸಂಕ್ರಾಂತಿ ಹೊತ್ತಿಗೆ ಇಲ್ಲಿ ಜಾತ್ರೆ, ಕುಂಬ್ಳೆ ಬೆಡಿ (ಜಾತ್ರೆಯ ಸುಡುಮದ್ದು) ಅಂದ್ರೆ ಅಮ್ಮನಿಗೆ ಗೊತ್ತಾಗ್ತದೆ. ಆ ವಾರ ರೂಮ್ ಸಿಗುವುದು ಕಷ್ಟ, ರೋಡೆಲ್ಲ ಜನ, ಸದ್ದು. ಶಾಂತಿ ಬೇಕಾದ್ರೆ ಅದು ಕಳೆದು ಬನ್ನಿ. ಬೆಡಿ ನೋಡ್ಬೇಕು ಅಂತ ಅವರಿಗೇ ಆಸೆ ಇದ್ರೆ ಈಗ್ಲೇ ಬುಕ್ ಮಾಡಿ.

ಚಂದ್ರಗಿರಿ_ತೆಂಕು:

ಮೇಲಿನವರು ಹೇಳಿದ್ದು ಸರಿ, ಆದ್ರೆ ಒಂದು ಮಾತು ಬಿಟ್ಟಿದ್ದಾರೆ. ಅಮ್ಮ ಕೇಳಿದ್ದು ಸಮುದ್ರ. ಕುಂಬ್ಳೆಯಲ್ಲಿ ಇರುವುದು ಸಣ್ಣ ಸಣ್ಣ ಹೋಮ್‌ಸ್ಟೇ, ಹೆಚ್ಚಿನದು ಸಮುದ್ರದಿಂದ ಸ್ವಲ್ಪ ಒಳಗೆ. ಮಂಚದಿಂದ ಎದ್ದು ಬಾಗಿಲು ತೆಗೆದ್ರೆ ಕಡಲು ಅಂತ ಬೇಕಾದ್ರೆ ಉದುಮ, ಕಾಪ್ಪಿಲ್, ಬೇಕಲ ಬದಿಗೇ ಬರ್ಬೇಕು. 1995ರಲ್ಲಿ ಬೇಕಲ ರೆಸಾರ್ಟ್ಸ್ ಡೆವಲಪ್‌ಮೆಂಟ್ ಕಾರ್ಪೊರೇಷನ್ ಅಂತ ಸರಕಾರ ಮಾಡಿದ್ದೇ ಅದಕ್ಕೆ. ದೊಡ್ಡ ರೆಸಾರ್ಟಿಗೆ ದುಡ್ಡು ಜಾಸ್ತಿ, ಊರಿನವರು ನಡೆಸುವ ಮನೆಗಳೂ ಸಿಗ್ತವೆ.

ಬುಕ್ ಮಾಡುವ ಮೊದಲು ಒಂದು ಎಚ್ಚರಿಕೆ, ಇದು ನಮಗೇ ಆದದ್ದು. ಅಪ್ಪನ ಎಪ್ಪತ್ತನೇ ವರ್ಷಕ್ಕೆ ಅಂತ ಎರಡು ರಾತ್ರಿ ಒಂದು ಕಡೆ ಆನ್‌ಲೈನಿನಲ್ಲಿ ಸೀ ವ್ಯೂ ರೂಮು ಹೇಳಿದ್ದು, ಹೋಗಿ ನೋಡಿದ್ರೆ ಕಿಟಕಿಯ ಎದುರು ಕಾಂಪೌಂಡ್ ಗೋಡೆ, ಅದರ ಮೇಲಿಂದ ಒಂದು ಗೇಣು ನೀಲಿ ಕಾಣ್ತದೆ, ಅದೂ ಅಪ್ಪ ಸ್ಟೂಲಿನ ಮೇಲೆ ನಿಂತ್ರೆ, ಮತ್ತೆ ರೂಮು ಎರಡನೇ ಮಾಳಿಗೆ, ಲಿಫ್ಟ್ ಇಲ್ಲ. ಅಪ್ಪ ಏನೂ ಹೇಳ್ಲಿಲ್ಲ, ನನಗೇ ತಡ್ಕೊಳ್ಳಲಿಕ್ಕೆ ಆಗ್ಲಿಲ್ಲ. ಹಾಗಾಗಿ ಫೋನ್ ಮಾಡಿ ಕೇಳಿ, ನೆಲ ಅಂತಸ್ತಿನ ರೂಮಾ, ಬಾಗಿಲಿಂದ ಮರಳಿಗೆ ಎಷ್ಟು ಮೆಟ್ಟಿಲು, ಬಾತ್‌ರೂಮಲ್ಲಿ ಹಿಡ್ಕೊಳ್ಳಲಿಕ್ಕೆ ಏನಾದ್ರೂ ಉಂಟಾ, ಬೆಳಿಗ್ಗೆ ಗಂಜಿ ಮಾಡಿ ಕೊಡ್ತೀರಾ. ಕಿಟಕಿಯಿಂದ ವಾಟ್ಸಾಪಿನಲ್ಲಿ ಒಂದು ವೀಡಿಯೋ ಕಳ್ಸಿ ಅಂತ ಹೇಳಿ, ಕಳ್ಸದಿದ್ರೆ ಬೇರೆ ಕಡೆ ನೋಡಿ.

ಇನ್ನು ಕೋಟೆ. ಕೆಳದಿ ಶಿವಪ್ಪ ನಾಯಕ ಕಟ್ಟಿಸಿದ್ದು, 1650ರ ಹೊತ್ತಿಗೆ, ನಲ್ವತ್ತು ಎಕರೆ ಹತ್ರ ಉಂಟು, ಒಳಗೆ ನೆರಳು ಕಡಿಮೆ. ಮಧ್ಯಾಹ್ನ ಹೋದ್ರೆ ಮುರಕಲ್ಲು ಕಾದು ಮುಖಕ್ಕೆ ಬಿಸಿ ಹೊಡೀತದೆ, ಮೂರೂವರೆ ನಾಲ್ಕಕ್ಕೆ ಹೋಗಿ. ಬಾಗಿಲಲ್ಲಿ ಆಂಜನೇಯನ ಗುಡಿ, ಅಲ್ಲಿ ಸ್ವಲ್ಪ ಕೂತು ಸುಧಾರಿಸಿಕೊಂಡು ಒಳಗೆ ಹೋಗಿ. ವೀಕ್ಷಣಾ ಗೋಪುರ ಹತ್ತಿಸ್ಲಿಕ್ಕೆ ಹೋಗ್ಬೇಡಿ, ಸಮುದ್ರದ ಬದಿಯ ಗೋಡೆಯೇ ಸಾಕು. ಅಲ್ಲಿ ಗೋಡೆಯ ಬಂದೂಕಿನ ಕಿಂಡಿಗಳಿಗೆ ಕಣ್ಣಿಟ್ಟು ನೋಡಿ, ಮೇಲಿನದ್ರಲ್ಲಿ ದೂರದ ನೀರು ಕಾಣ್ತದೆ, ನಡುವಿನದ್ರಲ್ಲಿ ಹತ್ರದ ಅಲೆ, ಕೆಳಗಿನದ್ರಲ್ಲಿ ಗೋಡೆಯ ಬುಡದ ಬಂಡೆ. ಶತ್ರು ಎಷ್ಟು ಹತ್ರ ಬಂದ ಅನ್ನುವುದರ ಮೇಲೆ ಯಾವ ಕಿಂಡಿ ಅಂತ ಲೆಕ್ಕ. ಏಳನೇ ಕ್ಲಾಸಲ್ಲಿ ಮೇಷ್ಟ್ರು ಇದನ್ನು ತೋರಿಸಿರ್ತಾರೆ, ಅಮ್ಮನಿಗೇ ನೆನಪಿರಬಹುದು.

ಸೂರ್ಯ ಮುಳುಗುವುದನ್ನು ಕೋಟೆಯ ಒಳಗಿಂದ ನೋಡ್ಬಹುದು ಅಂತ ಅಂದ್ಕೊಳ್ಬೇಡಿ, ಅದಕ್ಕೆ ಮೊದಲೇ ಗೇಟ್ ಹಾಕ್ತಾರೆ. ಹೊರಗೆ ಬಂದು ಪಕ್ಕದ ಪಳ್ಳಿಕ್ಕೆರೆ ಬೀಚಿಗೆ ಹೋಗಿ, ಅಲ್ಲಿಂದ ಕೋಟೆಯೂ ಕಾಣ್ತದೆ, ಸೂರ್ಯನೂ ಕಾಣ್ತಾನೆ.

ವಿದ್ಯಾನಗರದಿಂದ:

ಪ್ರಯಾಣದ್ದು ನಾನು ಹೇಳ್ತೇನೆ. ಅಮ್ಮನಿಗೆ ಮಂಡಿ ನೋವು ಇದ್ರೆ ಘಾಟಿಯಲ್ಲಿ ಆರೇಳು ಗಂಟೆ ಕಾರಲ್ಲಿ ಮಡಚಿ ಕೂರಿಸುವುದಕ್ಕಿಂತ ರಾತ್ರಿ ರೈಲಿನಲ್ಲಿ ಲೋವರ್ ಬರ್ತ್ ಒಳ್ಳೇದು. ಮೈಸೂರಿಂದ ಎಲ್ಲಿಗೆ ಹೋಗಿ ಹತ್ತುವುದು ಅಂತ ನೋಡ್ಕೊಳ್ಳಿ, ಬೆಂಗಳೂರು–ಕಣ್ಣೂರು ರೈಲು ಮಂಗಳೂರು ಕಳೆದು ಬೆಳಿಗ್ಗೆ ಕಾಸರಗೋಡಿಗೆ ಬರ್ತದೆ. ಇಲ್ಲಿ ಇಳಿದ ಮೇಲೆ ದಿನಕ್ಕೆ ಒಂದು ಟ್ಯಾಕ್ಸಿ ಸಾಕು, ಎಲ್ಲ ಜಾಗ ಮೂವತ್ತು ಕಿಲೋಮೀಟರಿನ ಒಳಗೆ. ಬೇಕಲಕ್ಕೆ ಹೋಗುವಾಗ ಡ್ರೈವರಿನ ಹತ್ರ ಹೈವೇ ಬೇಡ, ಚಂದ್ರಗಿರಿ ಸೇತುವೆ ದಾಟಿ ಮೇಲ್ಪರಂಬ ಉದುಮ ಪಾಲಕುನ್ನು ದಾರಿಯಲ್ಲಿ ಹೋಗುವ ಅಂತ ಹೇಳಿ. ಸೇತುವೆಯ ಮೇಲೆ ಹೊಳೆ ಅಗಲ ಆಗಿ ಕಡಲಿನ ಬದಿಗೆ ಹೋಗುವುದು ಕಾಣ್ತದೆ. ಹೆದ್ದಾರಿ ಆರು ಪಥ ಆದ ಮೇಲೆ ಆಚೆ ಬದಿಯ ಅಂಗಡಿಗೆ ನಡೆದು ದಾಟ್ಲಿಕ್ಕೆ ಆಗುವುದಿಲ್ಲ, ಅಂಡರ್‌ಪಾಸ್ ಹುಡುಕ್ಬೇಕು, ಹಾಗಾಗಿ ರೂಮು ಹೈವೇಯ ಸಮುದ್ರದ ಬದಿಗೇ ಇರ್ಲಿ.

ಕನ್ನಡ ನಡೀತದಾ ಅಂತ ಕೇಳಿದ್ದೀರಿ. ನಡೀತದೆ ಅಕ್ಕ. 1956ರ ನವೆಂಬರ್ ಒಂದಕ್ಕೆ ನಾವು ಕೇರಳಕ್ಕೆ ಸೇರಿದ್ದು, ಗಡಿ ತಕರಾರು ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಬಡಗಿನದ್ದು (ಉತ್ತರದ್ದು) ಕರ್ನಾಟಕಕ್ಕೆ ಅಂತ ಹೇಳಿದ್ದೂ ಹಾಗೇ ಉಳಿಯಿತು, ಬಸ್ಸಿನ ಬೋರ್ಡು ಎಲ್ಲ ಮಲಯಾಳ. ಆದ್ರೆ ಕುಂಬ್ಳೆ, ಮಧೂರು, ಬದಿಯಡ್ಕ ಬದಿಯಲ್ಲಿ ಅಂಗಡಿಯವರು, ಆಟೋದವರು, ದೇವಸ್ಥಾನದವರು ಕನ್ನಡ ತುಳು ಎರಡೂ ಮಾತಾಡ್ತಾರೆ. ನೀವು ಮೊದಲೇ ಇಂಗ್ಲಿಷಿನಲ್ಲಿ ಕೇಳ್ಬೇಡಿ, ಅಮ್ಮನೇ ಕೇಳ್ಲಿ, ಕನ್ನಡದಲ್ಲೇ ಕೇಳ್ಲಿ. ನಮ್ಮ ಮಕ್ಕಳು ಇಲ್ಲಿ ಕನ್ನಡ ಶಾಲೆಯಲ್ಲಿ ಓದುವವರು, ಹೊರಗಿಂದ ಬಂದವರು ಅಂಗಡಿಯಲ್ಲಿ ಕನ್ನಡ ಮಾತಾಡಿದ್ರೆ ನಮಗೂ ಒಂದು ಬಲ.

ಮಧೂರು ತಪ್ಪಿಸ್ಬೇಡಿ, ಮಧುವಾಹಿನಿ ಹೊಳೆಯ ಬದಿ, ಆನೆಯ ಬೆನ್ನಿನ ಹಾಗೆ ಮೂರು ನೆಲೆಯ ತಾಮ್ರದ ಮಾಡು. ಅಲ್ಲಿ ಪ್ರಸಾದಕ್ಕೆ ಕೊಡುವ ಅಪ್ಪ (ಸಿಹಿ ತಿಂಡಿ) ತಗೊಳ್ಳಿ, ಒಂದು ದಿವಸ ಇಟ್ಟು ತಿಂದ್ರೂ ರುಚಿ. ಮತ್ತೆ ಅಮ್ಮನಿಗೆ ಸೀರೆ ತೆಗೆಯುವುದಾದ್ರೆ ನಮ್ಮ ವಿದ್ಯಾನಗರದಲ್ಲಿ ನೇಕಾರರ ಸೊಸೈಟಿ ಉಂಟು, ಕಾಸರಗೋಡು ಸೀರೆಗೆ ಜಿಐ, ಅಂದ್ರೆ ಈ ಊರಿನದ್ದೇ ಅನ್ನುವ ಸರಕಾರದ ಗುರುತು, ಸಿಕ್ಕಿದೆ. ಹತ್ತಿ, ಕೈಮಗ್ಗ, ತೊಳೆದ ಹಾಗೆ ಮೆತ್ತಗಾಗ್ತದೆ, ನನ್ನ ಅತ್ತೆಯ ಒಂದು ಸೀರೆಯ ಬಣ್ಣ ಇನ್ನೂ ಹೋಗ್ಲಿಲ್ಲ.

ಮಂಜೇಶ್ವರ_ಓದುಗ:

ಒಂದೇ ವಿಷಯ ಸೇರಿಸ್ತೇನೆ. ಹಿಂದೆ ಹೋಗುವ ದಿನ ಮಂಗಳೂರಿನಿಂದ ರೈಲು ಹಿಡಿಯುವುದಾದ್ರೆ ದಾರಿಯಲ್ಲಿ ಮಂಜೇಶ್ವರದಲ್ಲಿ ಇಳಿದು ಗೋವಿಂದ ಪೈಗಳ ಮನೆ ನೋಡಿ. 1949ರಲ್ಲಿ ಮದರಾಸು ಸರಕಾರ ರಾಷ್ಟ್ರಕವಿ ಅಂತ ಗೌರವ ಕೊಟ್ಟದ್ದು ಅವರಿಗೆ. ಈಗ ಅಲ್ಲಿ ಗಿಳಿವಿಂಡು ಅಂತ ಸ್ಮಾರಕ ಆಗಿದೆ. ಆ ಕಾಲದಲ್ಲಿ ಇಲ್ಲಿ ಶಾಲೆಗೆ ಹೋದ ಯಾರಿಗೂ ಪೈಗಳ ಹೆಸರು ಗೊತ್ತಿಲ್ಲದೆ ಇರ್ಲಿಕ್ಕಿಲ್ಲ.

ನೀರ್ಚಾಲಿನ_ಮೊಮ್ಮಗಳು:

ಎಲ್ರಿಗೂ ತುಂಬಾ ಥ್ಯಾಂಕ್ಸ್, ರಾತ್ರಿ ಅಮ್ಮನ ಪಕ್ಕ ಕೂತು ಒಂದೊಂದೇ ಓದಿ ಹೇಳ್ದೆ. ಕುಂಬ್ಳೆ ಸ್ಟೇಷನ್ ಅಂದ ತಕ್ಷಣ ಅವರ ಅಪ್ಪ ಅಡಿಕೆ ಮಾರೋಕೆ ಮಂಗಳೂರಿಗೆ ಹೋಗೋವಾಗ ಒಂದ್ಸಲ ಇವರನ್ನೂ ಕರ್ಕೊಂಡು ಹೋಗಿದ್ದು, ಪ್ಲಾಟ್‌ಫಾರ್ಮಲ್ಲಿ ಕಾಯ್ತಾ ಕಡಲೆಕಾಯಿ ತಿಂದಿದ್ದು ಎಲ್ಲ ಹೇಳಿದ್ರು, ನಾನು ಇದುವರೆಗೆ ಕೇಳೇ ಇರ್ಲಿಲ್ಲ. ಬಬಿಯ ಹೋಯ್ತು ಅನ್ನೋದು ಅವರಿಗೆ ಗೊತ್ತಿತ್ತಂತೆ, ನಮಗೆ ಹೇಳಿರ್ಲಿಲ್ಲ ಅಷ್ಟೆ.

ತಮ್ಮನ ಜೊತೆ ಮಾತಾಡಿ ಎಕ್ಸೆಲ್ ಶೀಟ್ ಬಿಟ್ವಿ. ಬೆಡಿ ಮುಗಿದ ಮೇಲಿನ ವಾರ, ನಾಲ್ಕು ರಾತ್ರಿನೂ ಕುಂಬ್ಳೆಲೇ, ದಿನಕ್ಕೆ ಒಂದೇ ಕಡೆ. ಒಂದು ದಿನ ಅನಂತಪುರ ನೋಡಿ ಹಾಗೇ ನೀರ್ಚಾಲು, ಒಂದು ದಿನ ಮಧೂರು, ಒಂದು ಸಂಜೆ ಬೇಕಲ, ಮಿಕ್ಕ ದಿನ ಎಲ್ಲಿಗೂ ಇಲ್ಲ. ಸಮುದ್ರದ ಹತ್ರದ ಮನೆ ಒಂದಕ್ಕೆ ಫೋನ್ ಮಾಡಿದೀನಿ, ಅವರು ವೀಡಿಯೋ ಕಳ್ಸಿದ್ರು, ಮೂರೇ ಮೆಟ್ಟಿಲು, ಅಂಗಳದ ಆಚೆ ತೆಂಗಿನ ಮರ, ಅದರಾಚೆ ಮರಳು. ಗಂಜಿ ಕೊಡ್ತಾರಂತೆ. ಇನ್ನೊಂದು ಕೇಳ್ಬೇಕಿತ್ತು, ಕೋಟೆ ಒಳಗೆ ಬುತ್ತಿ ತಗೊಂಡು ಹೋಗೋಕೆ ಬಿಡ್ತಾರಾ? ಅಮ್ಮ ಅವಲಕ್ಕಿ ಕಟ್ಕೊಂಡು ಹೋಗೋಣ ಅಂತಿದಾರೆ.

ಚಂದ್ರಗಿರಿ_ತೆಂಕು:

ಗೇಟಿನಲ್ಲಿ ಕೇಳಿ ನೋಡಿ, ಬೇಡ ಅಂದ್ರೆ ಬೇಜಾರು ಬೇಡ, ಪಳ್ಳಿಕ್ಕೆರೆಯಲ್ಲಿ ಮರಳಿನ ಮೇಲೆ ಕೂತು ಕೋಟೆಯ ಗೋಡೆ ನೋಡ್ತಾ ತಿನ್ನಬಹುದು. ಒಂದು ಮಡಚುವ ಕುರ್ಚಿ ತನ್ನಿ, ಕೆಳಗೆ ಕೂತ್ರೆ ಅಮ್ಮನಿಗೆ ಏಳ್ಲಿಕ್ಕೆ ಕಷ್ಟ ಆಗ್ತದೆ. ಬಾಳೆ ಎಲೆ ಮೈಸೂರಿಂದ ತರುವುದು ಬೇಡ, ಆ ಮನೆಯವರ ಹಿತ್ತಲಲ್ಲೇ ಕೇಳಿ, ಕೊಯ್ದು ಕೊಡ್ತಾರೆ.