ಮಕ್ಕಳ ಜೊತೆ ರೋಮ್‌ಗೆ ಹೋಗುವವರು ಪ್ಯಾಂಥಿಯನ್‌ಗೆ ಒಂದು ಬೆಳಗ್ಗೆ ಇಡಿ

ಜರ್ಮನಿಯಲ್ಲಿರುವ ಕನ್ನಡಿಗರೆಲ್ಲರಿಗೂ ನಮಸ್ಕಾರ. ರಜೆಗೆ ರೋಮ್ ಪ್ಲಾನ್ ಮಾಡುತ್ತಿರುವವರು ಇಲ್ಲಿ ಹಾಕಿದ, ನೋಡುವ ಜಾಗಗಳ ಪಟ್ಟಿಗಳನ್ನು ನೋಡಿದೆ. ಕೊಲೋಸಿಯಂ, ವ್ಯಾಟಿಕನ್‌ಗೆ ಅರ್ಧರ್ಧ ದಿನ ಇದೆ. ಪ್ಯಾಂಥಿಯನ್ ಎಂಬ ಹಳೆಯ ರೋಮನ್ ಗುಡಿ ಮಾತ್ರ ಐಸ್‌ಕ್ರೀಮ್ ಅಂಗಡಿಗೆ ಹೋಗುವ ದಾರಿಯಲ್ಲಿದೆ! ದಯವಿಟ್ಟು ಹಾಗೆ ಮಾಡಬೇಡಿ.

ಇಟಲಿಯ ಟೊರಿನೋದಲ್ಲಿ ಸಿವಿಲ್ ಎಂಜಿನಿಯರಿಂಗ್ ಮಾಸ್ಟರ್ಸ್ ಮಾಡುವಾಗ ನಾನು ಅಲ್ಲಿಗೆ ಹೋಗಿದ್ದೆ. ಕಾಂಕ್ರೀಟ್ ಅಂದರೆ ಒಳಗೆ ಕಂಬಿ ಇರಲೇಬೇಕು ಎಂದು ಬೆಂಗಳೂರಿನಲ್ಲಿ ಓದಿ ಬಂದವಳು ನಾನು. ಇಲ್ಲಿ ಒಂದು ಕಂಬಿಯೂ ಇಲ್ಲ. ಆದರೂ 43.3 ಮೀಟರ್ ಅಗಲದ ಗುಮ್ಮಟ ಸುಮಾರು 1900 ವರ್ಷದಿಂದ ನಿಂತಿದೆ. ಕಂಬಿಯಿಲ್ಲದ ಕಾಂಕ್ರೀಟ್ ಗುಮ್ಮಟಗಳಲ್ಲಿ ಇವತ್ತಿಗೂ ಇದೇ ದೊಡ್ಡದು. ನೆಲದಿಂದ ನೆತ್ತಿಯ ತನಕ ಎತ್ತರವೂ ಅಷ್ಟೇ.

ಹೇಗೆ ನಿಂತಿದೆ ಎಂದು ಮಕ್ಕಳನ್ನೇ ಕೇಳಿ. ಮೇಲೆ ಹೋದ ಹಾಗೆ ಗುಮ್ಮಟ ತೆಳುವಾಗುತ್ತದೆ. ಬುಡದಲ್ಲಿ ಆರು ಮೀಟರ್ ದಪ್ಪ, ನೆತ್ತಿಯ ಹತ್ತಿರ ಒಂದು ಮೀಟರ್ ಚಿಲ್ಲರೆ. ಕಾಂಕ್ರೀಟಿಗೆ ಸೇರಿಸಿದ ಕಲ್ಲೂ ಬೇರೆ ಬೇರೆ. ಕೆಳಗೆ ಭಾರದ್ದು, ತುದಿಯಲ್ಲಿ ನೀರಿನ ಮೇಲೆ ತೇಲುವಂಥ ಪ್ಯೂಮಿಸ್. ಒಳಮೈಯಲ್ಲಿರುವ ಚೌಕದ ಗುಳಿಗಳನ್ನು ಎಣಿಸಲು ಹೇಳಿ: ಸಾಲಿಗೆ 28, ಐದು ಸಾಲು. ನಡುವೆ ಮುಚ್ಚಳವಿಲ್ಲದ ದೊಡ್ಡ ಕಂಡಿ. ಮಳೆ ನೇರ ಒಳಗೆ ಬೀಳುತ್ತದೆ. ನೆಲಕ್ಕೆ ಸ್ವಲ್ಪ ಇಳಿಜಾರು ಕೊಟ್ಟು ತೂತು ಇಟ್ಟಿರುವುದರಿಂದ ನೀರು ಹರಿದು ಹೋಗುತ್ತದೆ. ಹಾಗಾಗಿ ಮಳೆ ಬಂತು ಅಂತ ಹೋಟೆಲ್‌ನಲ್ಲಿ ಕೂರಬೇಡಿ, ಆಗಲೇ ಹೋಗಿ.

ಜರ್ಮನಿಯಲ್ಲಿ ಮಕ್ಕಳು ಶಾಲೆಯಲ್ಲಿ ಲ್ಯಾಟಿನ್ ಕಲಿಯುತ್ತಿದ್ದರೆ ಮುಂಭಾಗದ ಕಂಬಗಳ ಮೇಲೆ ಕೆತ್ತಿದ ಸಾಲನ್ನು ಅವರಿಂದಲೇ ಓದಿಸಿ. ಕಟ್ಟಿಸಿದ್ದು ಅಗ್ರಿಪ್ಪ (ಹಳೆಯ ರೋಮನ್ ಸೇನಾಪತಿ) ಎಂದಿದೆ. ಅವನು ಕಟ್ಟಿಸಿದ ಗುಡಿ ಸುಟ್ಟು ಹೋಗಿತ್ತು. ಈಗಿರುವುದು ಹೇಡ್ರಿಯನ್ ಚಕ್ರವರ್ತಿಯ ಕಾಲದಲ್ಲಿ ಮುಗಿದದ್ದು. ಅವನು ತನ್ನ ಹೆಸರು ಹಾಕಿಸದೆ ಹಳೆಯ ಹೆಸರನ್ನೇ ಉಳಿಸಿದ. ನನ್ನ ಮಗಳಿಗೆ ಇಡೀ ಪ್ರವಾಸದಲ್ಲಿ ಹಿಡಿಸಿದ್ದು ಇದೇ.

609ರಲ್ಲಿ ಇದು ಚರ್ಚ್ ಆಯಿತು. ಅಂದಿನಿಂದ ಪ್ರಾರ್ಥನೆ ನಡೆಯುತ್ತಿದೆ, ಅದಕ್ಕೇ ಇಷ್ಟು ಚೆನ್ನಾಗಿ ಉಳಿದಿದೆ. ಚಿತ್ರಕಾರ ರಾಫೆಲ್‌ನ ಸಮಾಧಿಯೂ ಒಳಗಿದೆ. ಭುಜ ಮುಚ್ಚುವ ಬಟ್ಟೆ ಹಾಕಿಕೊಳ್ಳಿ, ಒಳಗೆ ಜೋರಾಗಿ ಮಾತಾಡಬೇಡಿ. ನಾನು ಓದುವಾಗ ಪ್ರವೇಶ ಉಚಿತವಾಗಿತ್ತು. 2023ರ ಜುಲೈಯಲ್ಲಿ 5 ಯೂರೋ ಟಿಕೆಟ್ ಬಂತು, 18ರ ಒಳಗಿನವರಿಗೆ ಇಲ್ಲ.

ಊರಿಗೆ ಹೋದಾಗ ಇದೇ ಮಕ್ಕಳನ್ನು ವಿಜಯಪುರಕ್ಕೂ ಕರೆದುಕೊಂಡು ಹೋಗಿ. ಪ್ಯಾಂಥಿಯನ್‌ನಲ್ಲಿ ದುಂಡು ಗೋಡೆಯ ಮೇಲೆ ದುಂಡು ಗುಮ್ಮಟ. ಗೋಳಗುಮ್ಮಟದ ಕೆಳಗಿರುವುದು ಚೌಕದ ಕೋಣೆ! ಒಂದನ್ನೊಂದು ಹಾಯುವ ಎಂಟು ಕಮಾನು ಹಾಕಿ, ಇಟ್ಟಿಗೆ ಗಾರೆಯಲ್ಲೇ ಅಷ್ಟು ದೊಡ್ಡ ಗುಮ್ಮಟ ಕೂರಿಸಿದ್ದಾರೆ. ಎರಡನ್ನೂ ನೋಡಿದ ಮಕ್ಕಳು ಯಾರ ಮನೆಯಲ್ಲಾದರೂ ಇದ್ದಾರಾ? ಅವರು ಏನಂದರು ಅಂತ ಇಲ್ಲಿ ಬರೆಯಿರಿ, ನನಗೆ ನಿಜವಾಗಿಯೂ ಕೇಳುವ ಆಸೆ.