ಓದುಗರ ಸ್ಪಂದನ: ಡೈನೋಸಾರ್ ಓಡ್ತಿದೆ, ಲೆಕ್ಕ ನಿಂತಿದೆ

ಕಳೆದ ವಾರದ ಸಮಸ್ಯೆ: ನಾನು ನಾಪೋಕ್ಲು ಕಡೆಯವಳು, ವಯಸ್ಸು 48. ತೋಟದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬರೆಯುವುದು ನನ್ನ ಕೆಲಸ. ಜುಲೈ ಮಳೆಗೆ ನೆಟ್ ಹೋದಾಗ ಕ್ರೋಮ್ ಬ್ರೌಸರಿನಲ್ಲಿ ಬರುವ, ಕಳ್ಳಿಗೂ ಹಕ್ಕಿಗೂ ತಾಗದ ಹಾಗೆ ಓಡಿಸುವ ಡೈನೋಸಾರ್ ಆಟ ಹಿಡಿದೆ. ಈಗ ನೆಟ್ ಇದ್ದರೂ ವೈರ್ ಕಿತ್ತು ಆಡುತ್ತೇನೆ. ಮಗಳ ಸ್ಕೋರ್ 6,212. ನನ್ನದು 5,900 ದಾಟುತ್ತಿಲ್ಲ. ಮನೆಯವರು ನಗುತ್ತಾರೆ. ನನಗೇನು ಹುಚ್ಚಾ?

ಹುಚ್ಚು ಅಂದರೆ ನನಗೂ ಹಿಡಿದಿತ್ತು ಅಕ್ಕಾ. ಎರಡು ಮಳೆಗಾಲ ಇದೇ ಆಟದಲ್ಲಿ ಕಳೆದವಳು ನಾನು. ಕೊನೆವರೆಗೂ ವೇಗ ಜಾಸ್ತಿಯಾಗುತ್ತಲೇ ಹೋಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಇಲ್ಲ. ಹೆಚ್ಚುಕಮ್ಮಿ ಎರಡು ನಿಮಿಷಕ್ಕೆ ಪೂರ್ತಿ ವೇಗ ಬಂದುಬಿಡುತ್ತದೆ. ಆಮೇಲೆ ಅದೇ ಕಳ್ಳಿ, ಅದೇ ಹಕ್ಕಿ, 700 ಪಾಯಿಂಟಿಗೊಮ್ಮೆ ಕಪ್ಪಾಗುವ ಅದೇ ಪರದೆ. 2,000 ದಾಟಿದವರು 6,000ದ ಹತ್ತಿರ ಬಿದ್ದರೆ ಅದು ಆಟದ ತಪ್ಪಲ್ಲ. ನಾನು ಸಾಯುತ್ತಿದ್ದದ್ದು ಯಾವಾಗ ಗೊತ್ತಾ? ಹಳೇ ಸ್ಕೋರಿಗೆ ಹತ್ತಿಪ್ಪತ್ತು ಉಳಿದಾಗ. ಕಣ್ಣು ಸ್ಕೋರ್ ಕಾಣುವ ಬಲಗಡೆ ಮೇಲಿನ ಮೂಲೆಗೆ ಹೋಗುತ್ತಿತ್ತು. ಅಷ್ಟರಲ್ಲಿ ಕಳ್ಳಿ! ಜಿಗಣೆ ಕಚ್ಚಿದರೆ ಬೇಕಾಗುತ್ತದೆ ಅಂತ ಇಟ್ಟಿದ್ದ ಬ್ಯಾಂಡೇಜ್ ಪಟ್ಟಿಯನ್ನು ಆ ಮೂಲೆಗೆ ಅಂಟಿಸಿದೆ. ಅವತ್ತೇ ಹಳೇ ಸ್ಕೋರ್ ದಾಟಿದ್ದೆ, ಪಟ್ಟಿ ಕೀಳುವವರೆಗೆ ನನಗೇ ಗೊತ್ತಾಗಲಿಲ್ಲ. ಇನ್ನೊಂದು, ಎತ್ತರದಲ್ಲಿ ಬರುವ ಹಕ್ಕಿಗೆ ಏನೂ ಮಾಡಬೇಡಿ. ಅದರ ಕೆಳಗೆ ಸುಮ್ನೆ ಓಡಿದರೆ ಸಾಕು. ಹೆದರಿ ಹಾರಿದರೆ ನೀವಾಗಿಯೇ ಹೋಗಿ ತಲೆ ಕೊಟ್ಟ ಹಾಗೆ. ಹಾರಿದ ಮೇಲೆ ಬೇಗ ಇಳಿಯಬೇಕಾದರೆ ಕೆಳಗಿನ ಬಾಣದ ಕೀ ಒತ್ತಿ.
– ಒಬ್ಬ ಓದುಗರು, ಸುಂಟಿಕೊಪ್ಪ

ತಂಗೀ, ನನಗೆ 67. 1997ರಲ್ಲಿ ಕರಡದಲ್ಲಿ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ಶುರುವಾಯಿತು. ಅದೇ ವರ್ಷ ನೋಕಿಯಾ 6110 ಫೋನಿನಲ್ಲಿ ಹಾವಿನ ಆಟ ಬಂತು. ಆ ಹಾವು ನನ್ನ ಕೈಗೆ ಸಿಕ್ಕಿದ್ದು ಎಷ್ಟೋ ವರ್ಷ ತಡವಾಗಿ, ಅಳಿಯನ ಹಳೇ ಫೋನಿನಲ್ಲಿ. ಅದಕ್ಕೆ ಒಂದು ಮರ್ಯಾದೆ ಇತ್ತು. ಹಾವು ಬೆಳೆದು ಪರದೆ ತುಂಬಿತೋ, ಇನ್ನು ಹೋಗಲು ಜಾಗ ಇಲ್ಲ, ಮುಗಿಯಿತು. ನಿಮ್ಮ ಡೈನೋಸಾರ್ ಸಾಯುತ್ತದೆಯೇ ಹೊರತು ಗೆಲ್ಲುವುದಿಲ್ಲ. ಅದಕ್ಕೇ ಬಿಡಲಾಗುವುದಿಲ್ಲ. ನಮ್ಮ ಕೊಡವರ ಆಯುಧದ ಹಬ್ಬ ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಗುಂಡು ಹೊಡೆಯುವಾಗ ಕೈಗೆ ಎಣಿಸಿ ತೋಟಾ ಕೊಡುತ್ತಾರಲ್ಲ (ಕಾಫಿ ತೋಟ ಅಲ್ಲ ಮತ್ತೆ!). ಗುರಿ ತಪ್ಪಿತಾ, ಕೋವಿ ಮುಂದಿನವರಿಗೆ. ನೀವೂ ದಿನಕ್ಕೆ ಐದು ತೋಟಾ ಇಟ್ಟುಕೊಳ್ಳಿ.
– ಹಿರಿಯ ಓದುಗರು, ವಿರಾಜಪೇಟೆ

ಆಂಟಿ, ಮಗಳ ಸ್ಕೋರ್ ಆಡಿಯೇ ಬಂದದ್ದಾ ಅಂತ ಕೇಳಿದ್ರಾ? ಒಂದೇ ಸಾಲು ಕೋಡ್ ಹಾಕಿದರೆ ಡೈನೋಸಾರ್ ಕಳ್ಳಿಗೆ ಗುದ್ದಿದರೂ ಸಾಯುವುದಿಲ್ಲ. ಆ ಸಾಲು ಇಲ್ಲಿ ಬರೆಯುವುದಿಲ್ಲ, ನಮ್ಮಮ್ಮ ಇದನ್ನು ಓದುತ್ತಾರೆ. ನೆಟ್ ಇದ್ದಾಗಲೂ ಆಟ ತೆರೆಯಬಹುದು, ವೈರ್ ಪಾಪ.
– ಪಿಯು ವಿದ್ಯಾರ್ಥಿ, ಕುಶಾಲನಗರ

ನಮ್ಮ ಮಾವ ಮಳೆಗಾಲ ಪೂರ್ತಿ ಜಗಲಿಯಲ್ಲಿ ಇಸ್ಪೀಟ್ ಆಡುತ್ತಿದ್ದರು. ಅದನ್ನು ಯಾರೂ ಸಮಸ್ಯೆ ಅನ್ನಲಿಲ್ಲ. ಮಧ್ಯೆ ಮೂರು ಸಲ ಕಾಫಿ, ಜೊತೆಗೆ ಏನಾದರೂ ಕರಿದದ್ದು, ಅದೂ ನನ್ನ ಕೈಯಿಂದಲೇ. ನೀವು ಸ್ಪೇಸ್ ಬಾರ್ ಒತ್ತಿದರೆ ಮಾತ್ರ ನಗು. ನಗಲಿ ಬಿಡಿ. ಆದರೆ ಒಂದು ಕೇಳುತ್ತೇನೆ, ಬೇಜಾರು ಮಾಡಬೇಡಿ. ನೀವು ಬರೆಯುವ ಲೆಕ್ಕದಲ್ಲಿ ಲೈನ್ ಮನೆಯವರ (ತೋಟದ ಕೆಲಸದವರ) ವಾರದ ಕೂಲಿಯೂ ಇದೆ ಅಲ್ವಾ? ಒಂದು ಶನಿವಾರ ನಾನು ಆ ಲೆಕ್ಕ ಮುಗಿಸಲಿಲ್ಲ. ಕಾರಣ ಆಟವಲ್ಲ, ಟಿವಿ ಸೀರಿಯಲ್. ಭಾನುವಾರ ಬೆಳಿಗ್ಗೆ ನಮ್ಮ ಕೆಲಸದವಳು ಸಂತೆಯ ಖಾಲಿ ಚೀಲ ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು ಅಂಗಳದಲ್ಲಿ ನಿಂತಿದ್ದಳು. ಏನೂ ಕೇಳಲಿಲ್ಲ. ಶನಿವಾರ ಒಂದು ದಿನ ಲೆಕ್ಕ ಮೊದಲು. ಉಳಿದ ದಿನ ಆಡಿ. ಮಗಳ ಸ್ಕೋರ್ ದಾಟಿದರೆ ಇಲ್ಲಿಗೇ ಬರೆದು ತಿಳಿಸಿ, ನಮ್ಮ ಮಾವನಿಗೆ ಓದಿ ಹೇಳಬೇಕು.
– ಗೃಹಿಣಿ, ಗೋಣಿಕೊಪ್ಪ