ಪದಚರ್ಚೆ: ಡ್ರಾಫ್ಟ್, ಡ್ರೈವ್, ಟಚ್‌ಡೌನ್ – ಫಾರ್ಟಿನೈನರ್ಸ್ ಆಟಗಾರರ ಪರಿಚಯಕ್ಕೆ ಯಾವ ಪದ?

ಪ್ರಶ್ನೆ

ಮಾನ್ಯರೇ, ಸ್ಯಾನ್ ಫ್ರಾನ್ಸಿಸ್ಕೊ ಫಾರ್ಟಿನೈನರ್ಸ್ ತಂಡದ ಜೋ ಮೊಂಟಾನಾ, ಜೆರ್ರಿ ರೈಸ್, ರೋಜರ್ ಕ್ರೇಗ್, ರಾನಿ ಲಾಟ್ ಇವರ ಆಟದ ಬದುಕಿನ ಕಿರುಪರಿಚಯ ಕನ್ನಡದಲ್ಲಿ ಸಿದ್ಧವಾಗುತ್ತಿದೆ. ಓದುವವರು ಕ್ರಿಕೆಟ್ ಬಲ್ಲವರು, ಅಮೆರಿಕನ್ ಫುಟ್‌ಬಾಲ್ ನೋಡದವರು. ಕರಡಿನಲ್ಲಿ ಡ್ರಾಫ್ಟ್‌ಗೆ ‘ಹರಾಜು’, ಕ್ವಾರ್ಟರ್‌ಬ್ಯಾಕ್‌ಗೆ ‘ನಾಯಕ’, ಡ್ರೈವ್‌ಗೆ ‘ಮುನ್ನಡೆ’, ಟಚ್‌ಡೌನ್‌ಗೆ ‘ನೆಲಮುಟ್ಟು’ ಎಂದಿದೆ. ಇವು ನಿಲ್ಲುತ್ತವೆಯೇ? ಇಂಟರ್‌ಸೆಪ್ಷನ್‌ಗೆ (ಎಸೆದ ಪಾಸನ್ನು ಎದುರಾಳಿ ಹಿಡಿದುಬಿಡುವುದು) ಏನೂ ಹೊಳೆದಿಲ್ಲ.

ಉತ್ತರ 1

ನಾಲ್ಕೂ ನಿಲ್ಲುವುದಿಲ್ಲ. ಪದ ಕೇಳಲು ಚೆನ್ನಾಗಿಲ್ಲ ಎಂದಲ್ಲ. ಕ್ರಿಕೆಟ್ ಓದುಗನಿಗೆ ಅವು ಬೇರೆಯದನ್ನೇ ಹೇಳುತ್ತವೆ.

ಹರಾಜು ಎಂದೊಡನೆ ಐಪಿಎಲ್ ನೆನಪಾಗುತ್ತದೆ: ಹೆಚ್ಚು ಕೂಗಿದವರಿಗೆ ಆಟಗಾರ. ಡ್ರಾಫ್ಟ್‌ನಲ್ಲಿ ಕೂಗುವುದೇ ಇಲ್ಲ. ಕಾಲೇಜು ಆಟ ಮುಗಿಸಿ ಬರುವವರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುತ್ತವೆ. ಹಿಂದಿನ ಸಾಲಿನಲ್ಲಿ (ಸೀಸನ್‌ನಲ್ಲಿ) ತೀರಾ ಸೋತ ತಂಡಕ್ಕೆ ಮೊದಲ ಸರದಿ, ಚಾಂಪಿಯನ್‌ಗೆ ಕೊನೆಯದು. ಸರದಿಯನ್ನು ತಂಡಗಳು ತಮ್ಮತಮ್ಮಲ್ಲಿ ಬದಲಿಸಿಕೊಳ್ಳಬಹುದು. 1985ರಲ್ಲಿ ಆಗ ತಾನೇ ಚಾಂಪಿಯನ್ ಆಗಿದ್ದ ಫಾರ್ಟಿನೈನರ್ಸ್ ಪಾಲಿಗೆ ಮೊದಲ ಸುತ್ತಿನ 28ನೇ, ಅಂದರೆ ಕಟ್ಟಕಡೆಯ ಸರದಿ ಬಂದಿತ್ತು. ಅದರ ಜೊತೆಗೆ ಮುಂದಿನ ಸುತ್ತುಗಳದ್ದನ್ನೂ ನ್ಯೂ ಇಂಗ್ಲೆಂಡ್ ತಂಡಕ್ಕೆ ಕೊಟ್ಟು 16ನೇ ಸರದಿ ಪಡೆದು ಜೆರ್ರಿ ರೈಸ್ ಅವರನ್ನು ಆರಿಸಿಕೊಂಡರು. ಇದನ್ನು ‘ಹರಾಜು’ ಇಟ್ಟುಕೊಂಡು ಬರೆಯಲು ಹೋದರೆ ವಾಕ್ಯವೇ ಕೂರುವುದಿಲ್ಲ. ‘ಸರದಿ ಆಯ್ಕೆ’ ಎನ್ನಿ. ‘ಮೊಂಟಾನಾ 1979ರ ಸರದಿ ಆಯ್ಕೆಯಲ್ಲಿ ಮೂರನೇ ಸುತ್ತಿನವರೆಗೂ ಕಾದು 82ನೆಯವರಾಗಿ ಆಯ್ಕೆಯಾದರು’ – ಓದುಗನಿಗೆ ಅವರ ಬಗ್ಗೆ ಆಗ ಇದ್ದ ಅನುಮಾನವೂ ತಾನಾಗಿ ತಿಳಿಯುತ್ತದೆ. ಹಾಗೆಯೇ ಟ್ರೇಡ್‌ಗೆ ‘ಮಾರಾಟ’ ಬೇಡ. 1993ರಲ್ಲಿ ಮೊಂಟಾನಾ ಅವರನ್ನು ಕಾನ್ಸಾಸ್ ಸಿಟಿಗೆ ಬಿಟ್ಟುಕೊಟ್ಟಾಗ ಪ್ರತಿಯಾಗಿ ಬಂದದ್ದು ಆ ತಂಡದ ಮೊದಲ ಸುತ್ತಿನ ಸರದಿ, ದುಡ್ಡಲ್ಲ.

ಕ್ವಾರ್ಟರ್‌ಬ್ಯಾಕ್ ಪದವನ್ನು ಹಾಗೆಯೇ ಇರಿಸಿ. ಈ ಆಟದಲ್ಲೂ ಬೇರೆಯಾಗಿ ನಾಯಕರಿರುತ್ತಾರೆ, ಒಂದೇ ತಂಡದಲ್ಲಿ ಹಲವರು. ಮೊದಲ ಸಲ ಬಂದಾಗ ‘ಸೆಂಟರ್ ಎಂಬ ಆಟಗಾರ ಹಿಂದಕ್ಕೆ ಕೊಡುವ ಚೆಂಡನ್ನು ಪಡೆದು, ಅದನ್ನು ಎಸೆಯುವ ಇಲ್ಲವೇ ಹೊತ್ತೋಡುವವನ ಕೈಗೆ ಕೊಡುವ ಆಟಗಾರ’ ಎಂದು ಒಂದು ಸಾಲು ಸಾಕು. ಪಾಸ್ ಹಿಡಿಯುವ ರಿಸೀವರ್ ಕೂಡ ಹಾಗೆಯೇ ಇರಲಿ.

ಡ್ರೈವ್ ಎಂದರೆ ನಮಗೆ ಕವರ್ ಡ್ರೈವ್; ಇಲ್ಲಿ ಅದು ಚೆಂಡು ಕೈಯಲ್ಲಿರುವ ತಂಡ ಎದುರಾಳಿಯ ಗೋಲ್ ಗೆರೆಯತ್ತ ಸಾಗುವುದು. ಆದ್ದರಿಂದ ಅದನ್ನು ಬದಲಿಸಲೇಬೇಕು, ಆದರೆ ‘ಮುನ್ನಡೆ’ ಇನ್ನೂ ಅಪಾಯ. 1989ರ ಜನವರಿ 22ರಂದು ಮಯಾಮಿಯಲ್ಲಿ ಸಿನ್ಸಿನಾಟಿ ಬೆಂಗಾಲ್ಸ್ ವಿರುದ್ಧ ನಡೆದ ಸೂಪರ್ ಬೌಲ್, ಅಂದರೆ ಲೀಗಿನ ಫೈನಲ್ ನೋಡಿ. ಬೆಂಗಾಲ್ಸ್ 16, ಫಾರ್ಟಿನೈನರ್ಸ್ 13. ಉಳಿದದ್ದು 3 ನಿಮಿಷ 10 ಸೆಕೆಂಡು. ಚೆಂಡು ಫಾರ್ಟಿನೈನರ್ಸ್‌ನ 8 ಗಜದ ಗೆರೆಯಲ್ಲಿ, ಅಂದರೆ ಅವರದೇ ಗೋಲ್ ಗೆರೆಯಿಂದ 8 ಗಜದಲ್ಲಿ. ಅಲ್ಲಿಂದ 92 ಗಜ ಸಾಗಿ, 34 ಸೆಕೆಂಡು ಇರುವಾಗ ಮೊಂಟಾನಾ ಎಸೆದ 10 ಗಜದ ಪಾಸನ್ನು ಜಾನ್ ಟೇಲರ್ ಹಿಡಿದರು, 20–16. ಇದನ್ನು ‘ಫಾರ್ಟಿನೈನರ್ಸ್ 92 ಗಜಗಳ ಮುನ್ನಡೆ ಸಾಧಿಸಿತು’ ಎಂದರೆ, ಮೊದಲ ಇನಿಂಗ್ಸ್ ಮುನ್ನಡೆ ಬಲ್ಲ ಓದುಗ ಅವರು ಮುಂದಿದ್ದರೆಂದೇ ತಿಳಿಯುತ್ತಾನೆ. ಅವರು ಹಿಂದಿದ್ದರು, ಆ ಪಂದ್ಯದ ಜೀವವೇ ಅದು. ‘ಮುನ್ನುಗ್ಗು’ ಎಂಬುದನ್ನು ನಾಮಪದವಾಗಿ ಬಳಸಿ: ‘92 ಗಜದ ಮುನ್ನುಗ್ಗು’.

ಟಚ್‌ಡೌನ್‌ಗೆ ಚೆಂಡನ್ನು ನೆಲಕ್ಕೆ ಮುಟ್ಟಿಸಬೇಕಿಲ್ಲ. ರಗ್ಬಿಯಲ್ಲಿ ಮುಟ್ಟಿಸಬೇಕು, ಇಲ್ಲಿ ಹೊತ್ತ ಚೆಂಡು ಗೋಲ್ ಗೆರೆ ದಾಟಿದರೆ ಅಥವಾ ಗೆರೆಯಾಚೆ ಪಾಸ್ ಹಿಡಿದರೆ 6 ಅಂಕ. ‘ನೆಲಮುಟ್ಟು’ ನಿಯಮವನ್ನೇ ತಪ್ಪಾಗಿ ಕಲಿಸುತ್ತದೆ. ಟಚ್‌ಡೌನ್ ಎಂದೇ ಬರೆಯಿರಿ.

ಇನ್ನು ಲೆಕ್ಕದ ಪದಗಳು. ಹೆಚ್ಚು ತಪ್ಪಾಗುವುದು ಇಲ್ಲೇ. ಎಸೆದವನ ಕಂಪ್ಲೀಷನ್ ಮತ್ತು ಹಿಡಿದವನ ರಿಸೆಪ್ಷನ್ ಒಂದೇ ಘಟನೆ. ಮೊದಲನೆಯದಕ್ಕೆ ‘ಕೈಸೇರಿದ ಪಾಸ್’, ಎರಡನೆಯದಕ್ಕೆ ‘ಹಿಡಿದ ಪಾಸ್’ ಎಂದರೆ ಆ ನಂಟು ಉಳಿಯುತ್ತದೆ. ಬರೀ ‘ಕ್ಯಾಚ್’ ಎಂದರೆ ಔಟ್ ಎಂದು ಮನಸ್ಸು ಓಡುತ್ತದೆ; ರೈಸ್ ಅವರ 1,549 ಕ್ಯಾಚ್ ಫೀಲ್ಡರ್ ದಾಖಲೆಯಂತೆ ಕೇಳಿಸುತ್ತದೆ. ಟಚ್‌ಡೌನ್ ಕೂಡ ಎರಡೂ ಖಾತೆಗೆ ಏರುತ್ತದೆ, ಕೂಡಿಸಬಾರದು. 1990ರ ಜನವರಿಯ ಸೂಪರ್ ಬೌಲ್‌ನಲ್ಲಿ ಡೆನ್ವರ್ ವಿರುದ್ಧ 55–10ರ ಗೆಲುವು. ಮೊಂಟಾನಾ ಅವರದು 5 ಟಚ್‌ಡೌನ್ ಪಾಸ್, ರೈಸ್ ಅವರದು 3 ಟಚ್‌ಡೌನ್. ಆದರೆ ರೈಸ್ ಅವರ ಮೂರೂ ಆ ಐದರೊಳಗಿನವೇ. ತಂಡದ ಟಚ್‌ಡೌನ್ ಒಟ್ಟು 8 ಆದದ್ದರಿಂದ ಐದಕ್ಕೆ ಈ ಮೂರನ್ನು ಕೂಡಿಸಿದವರಿಗೆ ತಮ್ಮ ತಪ್ಪು ಕಾಣುವುದೇ ಇಲ್ಲ. ಉಳಿದ ಮೂರು ಬಂದದ್ದು ಚೆಂಡು ಹೊತ್ತೋಡಿ: ಟಾಮ್ ರಾಥ್‌ಮನ್ 2, ರೋಜರ್ ಕ್ರೇಗ್ 1.

ಕ್ರೇಗ್ ಅವರ ಪರಿಚಯದಲ್ಲಿ ‘ಓಟ’, ‘ರನ್’ ಎರಡನ್ನೂ ಒಂಟಿಯಾಗಿ ಬಳಸಬೇಡಿ. ‘1985ರಲ್ಲಿ 1,050 ಓಟ’ ಎಂದರೆ ಬ್ಯಾಟಿನಿಂದ ಬಂದ ಹಾಗೆ. ‘ಚೆಂಡು ಹೊತ್ತೋಡಿ 1,050 ಗಜ, ಪಾಸ್ ಹಿಡಿದು 1,016 ಗಜ’ ಎಂದು ಬಿಡಿಸಿ ಬರೆದರೆ, ಒಂದೇ ಸಾಲಿನಲ್ಲಿ ಎರಡೂ ಬಗೆಯಲ್ಲಿ ಸಾವಿರ ದಾಟಿದ ಮೊದಲಿಗರು ಅವರು ಎಂಬುದಕ್ಕೆ ತೂಕ ಬರುತ್ತದೆ. ಯಾರ್ಡ್‌ಗೆ ಗಜ ಧಾರಾಳವಾಗಿ ಸಾಕು, ಎರಡೂ ಮೂರಡಿಯೇ.

ಇಂಟರ್‌ಸೆಪ್ಷನ್‌ಗೆ ‘ಕಸಿತ’ ಎಂದು ಕೆಲವರು ಬರೆಯುತ್ತಾರೆ. ಕಸಿಯುವುದು ಇನ್ನೊಬ್ಬನ ಕೈಯಿಂದ; ಇಲ್ಲಿ ಚೆಂಡು ಗಾಳಿಯಲ್ಲಿದೆ. ಕೈಯಲ್ಲಿದ್ದ ಚೆಂಡು ಜಾರಿದರೆ ಅದು ಫಂಬಲ್, ಅದರ ಲೆಕ್ಕ ಬೇರೆ. ‘ಅಡ್ಡಹಿಡಿ’ ಎಂಬ ಕ್ರಿಯಾಪದ ಹೊಂದುತ್ತದೆ, ಮತ್ತು ಅದು ಇಬ್ಬರಿಗೂ ಸಲ್ಲುತ್ತದೆ: ‘ಲಾಟ್ ವೃತ್ತಿಜೀವನದಲ್ಲಿ 63 ಪಾಸ್ ಅಡ್ಡಹಿಡಿದರು’; ‘ನಾಲ್ಕು ಸೂಪರ್ ಬೌಲ್‌ಗಳಲ್ಲಿ ಮೊಂಟಾನಾ ಎಸೆದ 122 ಪಾಸ್‌ಗಳಲ್ಲಿ 83 ಕೈಸೇರಿದವು, ಒಂದನ್ನೂ ಎದುರಾಳಿ ಅಡ್ಡಹಿಡಿಯಲಿಲ್ಲ’. ಕರ್ತೃ ಯಾರೆಂದು ಬಿಡದೆ ಹೇಳಿ. ‘63 ಇಂಟರ್‌ಸೆಪ್ಷನ್’ ಎಂದಷ್ಟೇ ಬರೆದರೆ ಲಾಟ್ ಅವರಿಗೆ ಅದು ಹೆಮ್ಮೆಯೋ ಹಿನ್ನಡೆಯೋ ತಿಳಿಯದು.

ಉತ್ತರ 2

ಮೇಲಿನದಕ್ಕೆ ಎರಡು ಸೇರ್ಪಡೆ. ಲಾಟ್ 1981ರಲ್ಲಿ ಕಾರ್ನರ್‌ಬ್ಯಾಕ್ ಆಗಿ ಶುರುಮಾಡಿ ಮುಂದೆ ಸೇಫ್ಟಿ ಆದರು; ಎರಡೂ ಎದುರಾಳಿಯ ಪಾಸ್ ತಡೆಯುವ ಸ್ಥಾನಗಳು. ಸೇಫ್ಟಿ ಎಂಬುದು ಸ್ಥಾನದ ಹೆಸರೂ ಹೌದು, 2 ಅಂಕ ತರುವ ಒಂದು ಬಗೆಯೂ ಹೌದು. ‘ಸೇಫ್ಟಿ ಸ್ಥಾನ’ ಎಂದೇ ಬರೆಯಿರಿ.

ಎರಡನೆಯದು ವರ್ಷ. ಈ ಲೀಗಿನ ಸಾಲು ಸೆಪ್ಟೆಂಬರಿನಲ್ಲಿ ಆರಂಭವಾಗುತ್ತದೆ. ಆಗ ಫೈನಲ್ ನಡೆಯುತ್ತಿದ್ದುದು ಮರುವರ್ಷದ ಜನವರಿಯಲ್ಲಿ. ಫೈನಲ್‌ಗೆ ಮುಂಚಿನ ಪಂದ್ಯದಲ್ಲಿ ಡಲ್ಲಾಸ್ ವಿರುದ್ಧ ಫಾರ್ಟಿನೈನರ್ಸ್‌ನ ಡ್ವೈಟ್ ಕ್ಲಾರ್ಕ್ ಮೇಲಕ್ಕೆ ನೆಗೆದು ಬೆರಳತುದಿಯಲ್ಲಿ ಹಿಡಿದ ಪ್ರಸಿದ್ಧ ಪಾಸ್ 1982ರ ಜನವರಿ 10ರದು, ಆದರೆ ದಾಖಲೆಯಲ್ಲಿ ಅದು 1981ರ ಸಾಲು. ‘1982ರ ಸಾಲಿನ ಚಾಂಪಿಯನ್’ ಎಂದು ಬರೆದರೆ ಪೂರ್ತಿ ತಪ್ಪು: ಆ ಸಾಲು ಆಟಗಾರರ ಮುಷ್ಕರದಿಂದ 9 ಪಂದ್ಯಕ್ಕೆ ಇಳಿದಿತ್ತು, ಫಾರ್ಟಿನೈನರ್ಸ್ ಗೆದ್ದದ್ದು 3. ರೈಸ್ 1987ರಲ್ಲಿ 12 ಪಂದ್ಯಗಳಲ್ಲಿ 22 ಟಚ್‌ಡೌನ್ ಪಾಸ್ ಹಿಡಿದದ್ದೂ ಮುಷ್ಕರದ ವರ್ಷವೇ, ಹಾಗಾಗಿ ಪಂದ್ಯಗಳ ಸಂಖ್ಯೆಯನ್ನು ಬಿಡಬೇಡಿ. ‘1981ರ ಸಾಲು, ಫೈನಲ್ 1982ರ ಜನವರಿ’ ಎಂದು ಪ್ರತಿ ಗೆಲುವಿಗೂ ಎರಡನ್ನೂ ಕೊಡಿ.